ಪ್ರಾರ್ಥನೆಗೆ ಕೂತ್ರೆ ಮನಸ್ಸು ನಿಲ್ತಿಲ್ಲ, ಏನ್ ಮಾಡ್ಲಿ ಪಾಸ್ಟರ್?

ಪ್ರಶ್ನೆ: ದೇವರಿಗೆ ಸ್ತೋತ್ರ ಪಾಸ್ಟರ್. ಮೊದಲು ದಿನಾ ಬೆಳಗ್ಗೆ ಒಂದು ಗಂಟೆ ಪ್ರಾರ್ಥನೆ ಮಾಡ್ತಿದ್ದೆ, ಈಗ ಐದು ನಿಮಿಷಾನೂ ಆಗ್ತಿಲ್ಲ. ಮಗುಗೆ ಎಂಟು ತಿಂಗಳು, ರಾತ್ರಿ ನಿದ್ದೆ ಇಲ್ಲ, ಕಣ್ಣು ಮುಚ್ಚಿದ್ರೆ ತೂಕಡಿಕೆ, ಇಲ್ಲಾಂದ್ರೆ ಕೈ ಮೊಬೈಲ್ ಕಡೆ ಹೋಗುತ್ತೆ. ಆಸ್ತಿ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು, ಅದು ಬಿಡಿ. ದೇವರು ನನ್ನ ಪ್ರಾರ್ಥನೆ ಕೇಳ್ತಾನೇ ಇಲ್ಲ ಅನ್ಸುತ್ತೆ. ಉಪವಾಸ ಮಾಡಿ ಪ್ರಾರ್ಥಿಸ್ಲಾ?

ಉತ್ತರ: ಸಿಸ್ಟರ್, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅಡ್ಡಿ ಇದೆ, ನೀವು ಎರಡನ್ನೂ ಒಂದೇ ಗಂಟು ಕಟ್ಟಿ "ನನ್ನ ಭಕ್ತಿ ಕಮ್ಮಿ ಆಯ್ತು" ಅಂತ ಕೊರಗ್ತಿದ್ದೀರ.

ನಿದ್ದೆಗೆಟ್ಟ ತಾಯಿಗೆ ತೂಕಡಿಕೆ ಬಂದ್ರೆ ಅದು ಪಾಪ ಅಲ್ಲ. ಪ್ರವಾದಿ ಎಲೀಯ ಸೋತು, ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಬೈಲಿಲ್ಲ, ರೊಟ್ಟಿ ನೀರು ಕೊಟ್ಟ, ಅವನು ಮತ್ತೆ ಮಲಗಿದ, ಇನ್ನೊಂದ್ಸಲ ಎಬ್ಬಿಸಿ ತಿನ್ನು ಅಂದ (ಬೈಬಲಿನ 1 ಅರಸುಗಳು 19). ಯೇಸು ಹಿಡಿಯಲ್ಪಡುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಶಿಷ್ಯರು ನಿದ್ದೆ ಹೋದಾಗಲೂ ಯೇಸು, ಮನಸ್ಸು ಸಿದ್ಧವಿದೆ ದೇಹಕ್ಕೆ ಬಲ ಇಲ್ಲ ಅಂತ ಅರ್ಥ ಮಾಡ್ಕೊಂಡೇ ಮಾತಾಡಿದ್ದು. ಹಾಗಾಗಿ ಆ ಒಂದು ಗಂಟೆ ಲೆಕ್ಕ ಸದ್ಯಕ್ಕೆ ಬಿಟ್ಬಿಡಿ. ಮಗುಗೆ ಹಾಲು ಕುಡಿಸುವಾಗ ಒಂದು ಕೀರ್ತನೆಯ ನಾಲ್ಕು ಸಾಲು ಬಾಯಿಬಿಟ್ಟು ಹೇಳಿ, ಕಣ್ಣು ತೆರೆದೇ ಪ್ರಾರ್ಥಿಸಿ, ಮಾತೇ ಬರದಿದ್ರೆ ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಶುರು ಮಾಡಿ ನಿಧಾನಕ್ಕೆ ಮುಗಿಸಿ. ಏನು ಬೇಡ್ಬೇಕು ಅಂತ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ನಮಗಾಗಿ ಬೇಡ್ತಾನೆ ಅಂತ ರೋಮಾಪುರದವರಿಗೆ 8:26ರಲ್ಲಿ ಇದೆಯಲ್ಲ, ಅದು ಇಂಥ ದಿನಗಳಿಗೇ. ಮೊಬೈಲ್ ಬೇರೆ ರೂಮಲ್ಲಿಡಿ, ಅದಕ್ಕೆ ಅಷ್ಟೇ ಮದ್ದು.

ಆದ್ರೆ "ಅದು ಬಿಡಿ" ಅಂದ್ರಲ್ಲ, ಅದನ್ನ ಬಿಡೋಕಾಗಲ್ಲ ಸಿಸ್ಟರ್. ನಿಂತು ಪ್ರಾರ್ಥನೆ ಮಾಡುವಾಗ ಯಾರ ಮೇಲಾದ್ರೂ ಏನಾದ್ರೂ ಇದ್ರೆ ಕ್ಷಮಿಸಿ ಅಂತ ಯೇಸು ಮಾರ್ಕ 11:25ರಲ್ಲಿ ಪ್ರಾರ್ಥನೆಯ ನಡುವೆಯೇ ಇದನ್ನ ತಂದಿಟ್ಟಿದ್ದಾನೆ. ಮತ್ತಾಯ 5ರಲ್ಲಂತೂ ಕಾಣಿಕೆ ಯಜ್ಞವೇದಿ ಮುಂದೇನೇ ಬಿಟ್ಟು ಮೊದಲು ಸಹೋದರನ ಹತ್ರ ಹೋಗು ಅಂತಾನೆ. ಕಣ್ಣು ಮುಚ್ಚಿದ ತಕ್ಷಣ ಅಣ್ಣನ ಮುಖ, ಅವತ್ತಿನ ಮಾತು ಎದುರಿಗೆ ಬಂದು ನಿಲ್ಲುತ್ತಾ? ಅದು ಬರೀ ಗಮನ ಚೆದುರೋದು ಅಂತ ಓಡಿಸ್ಬೇಡಿ, ಅವತ್ತು ಪ್ರಾರ್ಥಿಸಬೇಕಾದ ವಿಷಯವೇ ಅದು, ಹೆಸರು ಹಿಡಿದು, ಆದ ನೋವನ್ನೂ ಮುಚ್ಚಿಡದೆ ಹೇಳಿ.

ಕ್ಷಮಿಸೋದು ಅಂದ್ರೆ ನಿಮ್ಮ ಪಾಲು ಬಿಟ್ಟುಕೊಡಿ ಅಂತ ಅಲ್ಲ, ಇಲ್ಲಿ ತುಂಬಾ ಜನ, ಅದರಲ್ಲೂ ಹೆಣ್ಣುಮಕ್ಕಳು, ತಪ್ಪು ತಿಳ್ಕೊಂಡು ಮೋಸ ಹೋಗ್ತಾರೆ. ಹಕ್ಕಿನ ಮಾತು ಕಾನೂನು ಪ್ರಕಾರ ನಡೀಲಿ, ದ್ವೇಷ ಬೇಡ. ಒಂದು ಫೋನ್ ಮಾಡಿ, ಆಸ್ತಿ ಸುದ್ದಿ ಎತ್ತದೆ ಹೇಗಿದ್ದೀಯಣ್ಣ ಅಂತ ಕೇಳಿ. ಅವರು ಫೋನ್ ಎತ್ತದಿದ್ರೆ? ಸಾಧ್ಯವಾದ್ರೆ, ನಿಮ್ಮಿಂದ ಆಗುವಷ್ಟು ಸಮಾಧಾನವಾಗಿರಿ ಅಂತ ಅಪೊಸ್ತಲ ಪೌಲ ಬರೆದಿದ್ದು (ರೋಮಾ 12:18), ಅವರ ಪಾಲಿನದ್ದು ನಿಮ್ಮ ತಲೆ ಮೇಲಿಲ್ಲ.

ದೇವರು ಕೇಳ್ತಾನೇ ಇಲ್ಲ ಅನ್ನೋ ಭಾವನೆ ಬಗ್ಗೆ. ಎಲ್ಲಾ ಮೌನಕ್ಕೂ ನಮ್ಮ ಪಾಪವೇ ಕಾರಣ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ತಪ್ಪಿಲ್ಲದೆ ಕಷ್ಟಪಟ್ಟ ಯೋಬನಿಗೆ ಅವನ ಸ್ನೇಹಿತರು ಹಾಗೇ ಹೇಳಿ ದೇವರ ಕೋಪಕ್ಕೆ ಗುರಿಯಾದ್ರು. ಪೌಲ ಮೂರು ಸಲ ಬೇಡಿದ್ರೂ ಶರೀರದ ಮುಳ್ಳು ಅಂತ ಅವನು ಕರೆದ ಬಾಧೆ ಹೋಗ್ಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನೋ ಉತ್ತರ ಬಂತು. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತೆ, ಆದ್ರೂ ಅದು ಪ್ರಾರ್ಥನೆನೇ. ನಿಮಗೆ ಅನ್ಸಿದ್ದನ್ನ ಹಾಗೇ ದೇವರಿಗೆ ಹೇಳಿ.

ಉಪವಾಸ ಈಗ ಬೇಡ, ಮಗು ಎದೆಹಾಲು ಕುಡೀತಿದ್ರೆ ಖಂಡಿತ ಬೇಡ. ಯೆಶಾಯ 58ರಲ್ಲಿ ಜನ ಒಂದ್ಕಡೆ ಉಪವಾಸ ಇನ್ನೊಂದ್ಕಡೆ ಜಗಳ ಮಾಡ್ತಿದ್ರು, ಅಂಥ ಉಪವಾಸ ನನಗೆ ಬೇಡ ಅಂದ ದೇವರು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಈ ವಾರ ಅಣ್ಣನಿಗೆ ಫೋನ್ ಮಾಡಿ, ಒಬ್ರಿಗೇ ಧೈರ್ಯ ಬರದಿದ್ರೆ ಸಭೆಯಲ್ಲಿ ನಂಬಿಕಸ್ಥ ಸಹೋದರಿ ಒಬ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇಬ್ರೂ ಪ್ರಾರ್ಥಿಸಿ ಆಮೇಲೆ ಮಾಡಿ.