ತಾಯಿಯ ಬೆನ್ನೆಲುಬು ಕರಗಿದಂತೆ ಕಾಣುತ್ತಿದೆ, ಕ್ಯಾಲ್ಸಿಯಂ ಹೆಚ್ಚಿದೆ: ಇದು ಕ್ಯಾನ್ಸರ್ ಆಗಿರಲೇಬೇಕೇ?

ಎದೆಭಾಗದ ಎರಡು ಬೆನ್ನೆಲುಬುಗಳು ಕರಗಿದಂತೆ ಕಾಣುತ್ತಿದ್ದು ಕ್ಯಾನ್ಸರ್ ಹರಡಿರಬಹುದೆಂದು ಎಂ.ಆರ್.ಐ. ವರದಿ ಶಂಕಿಸಿದೆ, ರಕ್ತದ ಕ್ಯಾಲ್ಸಿಯಂ 12.6 ಇದೆ ಎಂದು ಬರೆದಿದ್ದೀರಿ. ಕೋಲಾರದಲ್ಲಿ ಮೂಳೆ ವೈದ್ಯನಾಗಿರುವ ನಾನು ಕೇಳಿಕೊಳ್ಳುವುದು ಇಷ್ಟೇ: ಬಯಾಪ್ಸಿಗೆ ದಿನ ಗೊತ್ತುಮಾಡುವ ಮುನ್ನ ಪ್ಯಾರಾಥೈರಾಯ್ಡ್ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿ. ಕ್ಯಾನ್ಸರಿನಿಂದಲೂ ಕ್ಯಾಲ್ಸಿಯಂ ಏರುತ್ತದೆ. ಆದರೆ ಆಗ ಈ ಹಾರ್ಮೋನ್ ಸಾಮಾನ್ಯವಾಗಿ ತಗ್ಗಿರುತ್ತದೆ. ಎರಡೂ ಒಟ್ಟಿಗೆ ಏರಿದ್ದರೆ ಮೂಲದೋಷವನ್ನು ಕುತ್ತಿಗೆಯಲ್ಲಿ ಹುಡುಕಬೇಕು.

ಥೈರಾಯ್ಡ್ ಹಿಂಭಾಗದಲ್ಲಿ ಅಕ್ಕಿಕಾಳಿನಷ್ಟೇ ಇರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಒಂದು ಬೆಳೆದು ಹಾರ್ಮೋನನ್ನು ಎಡೆಬಿಡದೆ ಸುರಿಸತೊಡಗಿದರೆ, ಎಲುಬನ್ನು ಕರಗಿಸುವ ಜೀವಕೋಶಗಳು ಕೆರಳಿ, ಕರಗಿದ ಜಾಗದಲ್ಲಿ ನಾರಿನಂಥ ಅಂಗಾಂಶವೂ ಒಸರಿದ ರಕ್ತವೂ ಸೇರಿಕೊಳ್ಳುತ್ತವೆ. ಆ ರಕ್ತದ ಕಬ್ಬಿಣಾಂಶದಿಂದ ಕಂದುಬಣ್ಣ ಬರುವುದರಿಂದ ಇದನ್ನು ಬ್ರೌನ್ ಟ್ಯೂಮರ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ದವಡೆ, ಪಕ್ಕೆಲುಬು, ಸೊಂಟದ ಎಲುಬುಗಳಿಗೆ ಹೋಲಿಸಿದರೆ ಬೆನ್ನುಮೂಳೆಯಲ್ಲಿ ಇದು ಅಪರೂಪ. ಸೂಕ್ಷ್ಮದರ್ಶಕದಲ್ಲಿ ಇದು ಎಲುಬಿನ ಇನ್ನೊಂದು ಬಗೆಯ ಗಡ್ಡೆಯಾದ ಜೈಂಟ್ ಸೆಲ್ ಟ್ಯೂಮರಿನಂತೆಯೇ ಕಾಣುವುದರಿಂದ, ಬಯಾಪ್ಸಿ ಮಾಡಲೇಬೇಕಾದರೆ ಕ್ಯಾಲ್ಸಿಯಂ ವರದಿಯನ್ನೂ ಪೆಥಾಲಜಿಸ್ಟರಿಗೆ ತಪ್ಪದೆ ಕೊಡಿ.

ನಮ್ಮ ಕಡೆ, ಅದರಲ್ಲೂ ಬಾಗೇಪಲ್ಲಿ, ಪಾವಗಡದಂಥ ತಾಲ್ಲೂಕುಗಳಲ್ಲಿ, ಬೆನ್ನುನೋವೆಂದರೆ ಕೊಳವೆಬಾವಿಯ ಫ್ಲೋರೈಡ್ ನೀರಿನ ಮೇಲೆ ಹಾಕಿ ಸುಮ್ಮನಾಗುವುದುಂಟು. ಫ್ಲೋರೋಸಿಸ್‌ನಲ್ಲಿ ಬೆನ್ನೆಲುಬು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ದಟ್ಟವಾಗಿ ಬಿಳುಪೇರುತ್ತದೆ, ಸ್ನಾಯುರಜ್ಜುಗಳೂ ಗಟ್ಟಿಯಾಗುತ್ತವೆ. ಹೀಗೆ ಬಿಡಿಬಿಡಿಯಾಗಿ ಕರಗಿದ ಜಾಗಗಳಿಗೆ ಬೇರೆ ಕಾರಣ ಹುಡುಕಲೇಬೇಕು. ಎಲುಬಿನ ಕ್ಷಯ, ಮೈಲೋಮಾ (ಮಜ್ಜೆಯ ಕ್ಯಾನ್ಸರ್) ಇವುಗಳನ್ನೂ ವೈದ್ಯರು ಪರಿಗಣಿಸುತ್ತಾರೆ. ಹಾರ್ಮೋನಿನ ಜೊತೆಗೆ ರಂಜಕ, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಕ್ರಿಯಾಟಿನಿನ್ ನೋಡಿಸಿ. ಬಹುಕಾಲದ ಕಿಡ್ನಿ ವೈಫಲ್ಯದಿಂದಲೂ ಈ ಗ್ರಂಥಿಗಳು ಕೆರಳಬಲ್ಲವು. ತಾಯಿಗೆ ಹಿಂದೆ ಕಿಡ್ನಿಕಲ್ಲು ಆಗಿತ್ತೇ ಎಂಬುದನ್ನೂ ವೈದ್ಯರಿಗೆ ತಿಳಿಸಿ.

ಪ್ಯಾರಾಥೈರಾಯ್ಡ್ ದೋಷವೇ ಖಚಿತವಾದರೆ ಅಲ್ಟ್ರಾಸೌಂಡ್ ಮತ್ತು ಸೆಸ್ಟಮಿಬಿ ಎಂಬ ವಿಕಿರಣ ಔಷಧಿಯ ಸ್ಕ್ಯಾನ್‌ನಿಂದ ಬೆಳೆದ ಗ್ರಂಥಿಯನ್ನು ಗುರುತಿಸಿ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. 1925ರಲ್ಲಿ ವಿಯೆನ್ನಾದಲ್ಲಿ ಶಸ್ತ್ರವೈದ್ಯ ಫೆಲಿಕ್ಸ್ ಮ್ಯಾಂಡ್ಲ್ ಒಬ್ಬ ಟ್ರಾಮ್ ಕಂಡಕ್ಟರನಿಗೆ ಮೊದಲು ಮಾಡಿದ್ದು ಇದನ್ನೇ. ಗ್ರಂಥಿ ಹೋದ ಮೇಲೆ ಬೆನ್ನೆಲುಬಿನ ಗಾಯಗಳು ಅನೇಕರಲ್ಲಿ ತಿಂಗಳುಗಳ ಅವಧಿಯಲ್ಲಿ ತಾವಾಗಿಯೇ ತುಂಬಿಕೊಳ್ಳುತ್ತವೆ. ಆದ್ದರಿಂದ ಬೆನ್ನಿಗೆ ದೊಡ್ಡ ಆಪರೇಷನ್ ಎಲ್ಲರಿಗೂ ಬೇಕಾಗುವುದಿಲ್ಲ. ಆದರೆ ಕಾಲುಗಳಲ್ಲಿ ಬಲ ಕುಗ್ಗಿದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗುತ್ತಿದೆಯೆಂದು ಭಾವಿಸಿ, ಒಂದು ರಾತ್ರಿಯೂ ಕಾಯದೆ ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲುಬು ಸವೆದಿದೆಯೆಂದು ಮನೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಿದ್ದರೆ, ಅದನ್ನು ಮುಂದುವರಿಸಬೇಕೇ ಎಂದು ಇಂದೇ ವೈದ್ಯರನ್ನು ಕೇಳಿ, 12.6 ಇರುವಾಗ ಅದು ಹಾನಿ ಮಾಡಬಹುದು. ಗ್ರಂಥಿ ತೆಗೆದ ಮೇಲೆ ಸ್ಥಿತಿ ತಿರುಗಿಬೀಳುತ್ತದೆ: ಹಸಿದ ಎಲುಬು ರಕ್ತದ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳುವುದರಿಂದ ತುಟಿ, ಬೆರಳುಗಳಲ್ಲಿ ಜುಮುಜುಮು ಎನಿಸಬಹುದು. ಆಗ ಅದೇ ಕ್ಯಾಲ್ಸಿಯಂ ಅನ್ನು ಹೆಚ್ಚಿನ ಪ್ರಮಾಣದಲ್ಲಿ, ನಿತ್ಯ ರಕ್ತಪರೀಕ್ಷೆಯೊಂದಿಗೆ ಆಸ್ಪತ್ರೆಯಲ್ಲಿ ಕೊಡಬೇಕಾಗುತ್ತದೆ.