ಐವರ ರೆಕಾರ್ಡ್ ಬರೆದವಳು

ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ. ಇಲ್ಲಿ ಸುಧಾ ಎನ್ನೋಣ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಳು. ಹರಿಹರದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸೇರಲು ಹತ್ತು ದಿನವಿರುವಾಗ ಅಪ್ಪನೊಂದಿಗೆ ಸಲಹೆ ಕೇಳಲು ನನ್ನ ಬಳಿ ಬಂದಳು.

ಮಾತೆಲ್ಲ ಅಪ್ಪನದೇ. ಮೆಕ್ಕೆಜೋಳ ಬೆಳೆಯುವ ಗಟ್ಟಿ ಮನುಷ್ಯ. "ಮೇಡಂ, ಸಾಲ ಮಾಡಿ ಓದಿಸಿದ್ದು ನಾನೇ. ಆದರೆ ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಹಾಕಬಾರದೆಂದು ಕಾನೂನೇ ಇದೆಯಂತೆ. ಬ್ಯಾಂಕ್ ಪರೀಕ್ಷೆ ಕಟ್ಟಲಿ. ನೀವೇ ಒಂದು ಮಾತು ಹೇಳಿ." ಸುಧಾ ಹೂಂ ಎಂದು ತಲೆಯಾಡಿಸಿದಳು. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ. ಅಪ್ಪನನ್ನು ಚಹಾಕ್ಕೆ ಕಳಿಸಿದೆ.

"ಅಪ್ಪ ಬೇಡವೆಂದಾಗ ಒಳಗೊಳಗೇ ಹಾಯೆನಿಸಿತು ಮೇಡಂ. ನನಗೆ ಲೇತ್ ನಡೆಸಲು ಬರುವುದಿಲ್ಲ" ಎಂದಳು. ಲೇತ್ ಎಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ.

ನಾಲ್ಕು ವರ್ಷ ಓದಿದವಳು! ಕೆದಕಿ ಕೇಳಿದೆ. ವರ್ಕ್‌ಶಾಪಿನಲ್ಲಿ ಐವರ ತಂಡ, ಇವಳೊಬ್ಬಳೇ ಹುಡುಗಿ. ಮೊದಲ ದಿನ ಲೇತಿಗೆ ಕಬ್ಬಿಣ ಬಿಗಿಯುವ ಚಕ್ ಕೀಲಿಗೆ ಕೈ ಹಾಕಿದಾಗ ಬೋಧಕರು, "ನಿನ್ನ ಅಕ್ಷರ ಮುತ್ತಿನಂತಿದೆ, ಅಳತೆ ನೀನು ಬರೆದುಕೊಳ್ಳಮ್ಮ" ಎಂದರಂತೆ. ಬೈದಿದ್ದರೆ ಜಗಳವಾಡಬಹುದಿತ್ತು, ಹೊಗಳಿಕೆಗೆ ಏನು ಹೇಳುವುದು? ಅಂದಿನಿಂದ ಹುಡುಗರು ಕಬ್ಬಿಣ ಕಡೆದರು, ಇವಳು ಬರೆದಳು. ಐವರ ರೆಕಾರ್ಡೂ, ಅಂದರೆ ಪ್ರಾಯೋಗಿಕ ತರಗತಿಯ ದಾಖಲೆ ಪುಸ್ತಕ, ಇವಳ ಪುಸ್ತಕದಿಂದಲೇ ಇಳಿದದ್ದು.

ಧೈರ್ಯ ತುಂಬುವ ಮಾತು ಆಡಲಿಲ್ಲ. "ಕೈಗೆ ಕಲಿಸದೇ ಇದ್ದುದನ್ನು ನಿನ್ನಿಂದಾಗದು ಎಂದುಕೊಂಡಿದ್ದೀಯ" ಎಂದೆ. ಹತ್ತು ದಿನವೂ ಪೇಟೆಯ ಲೇತ್ ಅಂಗಡಿಗೆ ಹೋಗಿ ನಿಲ್ಲು, ಪೆನ್ನು ಒಯ್ಯಬೇಡ. ಯಂತ್ರಕ್ಕೆ ಸಿಲುಕದಂತೆ ದುಪಟ್ಟಾ ಬೇಡ, ಜಡೆ ಬಿಗಿಯಾಗಿ ಕಟ್ಟು. ಕೆಲಸಕ್ಕೆ ಸೇರಿದ ದಿನವೇ ಮೇಲ್ವಿಚಾರಕರಿಗೆ, ಮೂರು ತಿಂಗಳು ಯಂತ್ರದ ಮೇಲೆ ಹಾಕಿ ಎಂದು ಬಾಯಿಬಿಟ್ಟು ಕೇಳು.

ಚಹಾ ಮುಗಿಸಿ ಬಂದ ಅಪ್ಪನಿಗೆ ವಿವರಿಸಿದೆ. ಅವರು ಹೇಳಿದ ಕಾನೂನು ಸುಳ್ಳಲ್ಲ, ಹಳೆಯದು. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಹೆಂಗಸರ ದುಡಿಮೆಗೆ ತಡೆಯೊಡ್ಡಿತ್ತು. ಕರ್ನಾಟಕ ಅದನ್ನು 2019ರಲ್ಲಿ ಷರತ್ತುಗಳೊಂದಿಗೆ ಸಡಿಲಿಸಿತು: ದುಡಿಯುವವಳ ಲಿಖಿತ ಒಪ್ಪಿಗೆ ಬೇಕು, ಓಡಾಟಕ್ಕೆ ವಾಹನ ಕೊಡಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂಬುದು 2013ರ ಕಾಯ್ದೆ. ಸಮಿತಿಯಲ್ಲಿ ಯಾರಿದ್ದಾರೆ, ಪಾಳಿಯಲ್ಲಿ ಎಷ್ಟು ಹೆಂಗಸರು, ಶೌಚಾಲಯ ಎಷ್ಟು ದೂರ, ಇವನ್ನು ಬರವಣಿಗೆಯಲ್ಲೇ ಕೇಳಿ ಎಂದೆ.

"ಶೌಚಾಲಯದ್ದನ್ನೂ ಕಾಗದದಲ್ಲಿ ಕೇಳುವುದೇ?" ಅಪ್ಪ ಸಂಕೋಚಪಟ್ಟರು.

"ಮೊದಲು ಅದನ್ನೇ ಕೇಳಿ ಯಜಮಾನರೇ."

ಎರಡು ತಿಂಗಳ ಬಳಿಕ ಒಬ್ಬಳೇ ಬಂದಳು. ಮುಂಗೈ ಮೇಲೆ ಕಬ್ಬಿಣದ ಬಿಸಿ ಚೂರು ಸಿಡಿದ ಕಲೆ. ಅದನ್ನು ನಾನು ನೋಡಲೆಂದೇ ಮೇಜಿನ ಮೇಲೆ ಕೈಯಿಟ್ಟಳೋ ಏನೋ! ಸದ್ಯ ಹಗಲು ಪಾಳಿ. ರಾತ್ರಿ ಪಾಳಿಯ ಒಪ್ಪಿಗೆಗೆ ಇನ್ನೂ ಸಹಿ ಹಾಕಿಲ್ಲ. ಹಾಕೆಂದು ನಾನೂ ಹೇಳಲಿಲ್ಲ.