ಟಿಪ್ಪಿಂಗ್ ಟ್ರಾಲಿ: ತೂಕ ಯಾಕೆ ಕಡಿಮೆ ತೋರಿಸುತ್ತಿದೆ, ಜಾಕ್ ಯಾಕೆ ಅಲ್ಲಾಡುತ್ತಿಲ್ಲ

ಸರ್, ಪವರ್ ಟಿಲ್ಲರ್ ಟ್ರಾಲಿಯ ಬಾಡಿ ಸಾಲಿಡ್‌ವರ್ಕ್ಸ್‌ನಲ್ಲಿ (ಕಂಪ್ಯೂಟರಿನಲ್ಲಿ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್) ಬರೀ 13.68 ಕೆಜಿ ತೋರಿಸುತ್ತಿದೆ, ಹೈಡ್ರಾಲಿಕ್ ಜಾಕ್ ಜೋಡಿಸಿದ ಮೇಲೆ ಬಾಡಿ ಮೇಲೇಳುತ್ತಿಲ್ಲ, 500 ಕೆಜಿ ಗೊಬ್ಬರ ಎತ್ತಲು 2 ಟನ್ ಜಾಕ್ ಸಾಕಾ ಅಂತ ಕೇಳಿದ್ದೀರಿ.

ಮೊದಲು ತೂಕ. ನೀವು ಮೆಟೀರಿಯಲ್, ಅಂದರೆ ಬಾಡಿ ಯಾವ ಲೋಹದ್ದು ಅಂತ, ಕೊಟ್ಟಿಲ್ಲ. ಕೊಡದಿದ್ದರೆ ಸಾಫ್ಟ್‌ವೇರ್ ನೀರಿನ ಸಾಂದ್ರತೆಯನ್ನೇ ಹಿಡಿಯುತ್ತದೆ, ಅಂದರೆ ಘನ ಮೀಟರಿಗೆ 1000 ಕೆಜಿ. ಸ್ಟೀಲಿಗೆ ಅದು ಸುಮಾರು 7850. ನಿಮ್ಮದು 1.8 ಮೀಟರ್ ಉದ್ದ, 1.2 ಅಗಲ, 0.4 ಎತ್ತರ, 3 ಎಂಎಂ ಶೀಟು. ತಳ ಮತ್ತು ನಾಲ್ಕು ಬದಿ ಸೇರಿ 4.56 ಚದರ ಮೀಟರ್. ಸ್ಟೀಲ್ ಹಾಕಿ ನೋಡಿ, 107 ಕೆಜಿ ಬರುತ್ತದೆ. ಅಪಿಯರೆನ್ಸ್‌ನಲ್ಲಿ ಸ್ಟೀಲ್ ಬಣ್ಣ ಬಳಿದರೆ ತೂಕ ಬರುವುದಿಲ್ಲ, ಅದು ಬರೀ ಬಣ್ಣ. ಆಂಗಲ್, ಚಾನೆಲ್‌ಗಳಿಗೂ ಮೆಟೀರಿಯಲ್ ಕೊಡಿ. ಸಪ್ರೆಸ್ ಮಾಡಿಟ್ಟ (ತಾತ್ಕಾಲಿಕವಾಗಿ ಆಫ್ ಮಾಡಿದ) ಪಾರ್ಟು ಲೆಕ್ಕಕ್ಕೆ ಬರುವುದಿಲ್ಲ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಜಾಕ್‌ನ ಮಾಡೆಲ್ ಇಂಟರ್ನೆಟ್‌ನಿಂದ ಇಳಿಸಿಕೊಂಡಿದ್ದು ಅಲ್ವಾ? ಅಂಥ ಫೈಲುಗಳಲ್ಲಿ ಎಷ್ಟೋ ಸಲ ಒಳಗೆ ಟೊಳ್ಳೇ ಇರುವುದಿಲ್ಲ, ಪೂರ್ತಿ ಗಟ್ಟಿ ದಿಮ್ಮಿ. ನಿಜವಾದ ಜಾಕನ್ನು ಅಂಗಡಿಯಲ್ಲೇ ತೂಗಿಸಿ, ತೂಕ ತೋರಿಸುವ ಮಾಸ್ ಪ್ರಾಪರ್ಟೀಸ್‌ನಲ್ಲಿ ಓವರ್‌ರೈಡ್ ಒತ್ತಿ ಆ ತೂಕವನ್ನೇ ಬರೆಯಿರಿ.

ಅಲ್ಲಾಡದಿರುವ ಕಾರಣ ಬೇರೆ. ಜಾಕ್ ಒಂದು ಸಬ್ ಅಸೆಂಬ್ಲಿ, ಅಂದರೆ ಹಲವು ಪಾರ್ಟು ಸೇರಿಸಿದ ಒಂದು ಜೋಡಣೆ. ಸಬ್ ಅಸೆಂಬ್ಲಿ ಒಳಗೆ ಬಂದಾಗ ರಿಜಿಡ್ ಆಗಿರುತ್ತದೆ (ಒಂದೇ ಗಟ್ಟಿ ತುಂಡಿನ ಹಾಗೆ), ರಾಡು ಹೊರಗೆ ಬರುವುದಿಲ್ಲ. ಕಾಂಪೊನೆಂಟ್ ಪ್ರಾಪರ್ಟೀಸ್‌ನಲ್ಲಿ ಫ್ಲೆಕ್ಸಿಬಲ್ ಮಾಡಿ, ತಕ್ಷಣ ಸರಿಹೋಗುತ್ತದೆ. ಆಮೇಲೆ ರಾಡಿಗೆ ಲಿಮಿಟ್ ಡಿಸ್ಟೆನ್ಸ್ ಮೇಟ್ ಹಾಕಿ (ಮೇಟ್ ಅಂದರೆ ಪಾರ್ಟುಗಳನ್ನು ಜೋಡಿಸುವ ನಿಯಮ), ನಿಜವಾದ ಸ್ಟ್ರೋಕ್, ಅಂದರೆ ರಾಡು ಹೊರಬರುವ ಉದ್ದ, ಎಷ್ಟೋ ಅಷ್ಟೇ. ಇಲ್ಲದಿದ್ದರೆ ರಾಡು ಸಿಲಿಂಡರ್ ಬಿಟ್ಟು ಗಾಳಿಯಲ್ಲಿ ಹೋಗುತ್ತದೆ. ಮೇಟ್‌ಗಳಿಗೆ ಗಟ್ಟಿ ಲೋಹ ಅನ್ನುವುದೇ ಗೊತ್ತಿಲ್ಲ. ಬಾಡಿ ಚಾಸಿಯೊಳಗೆ ನುಗ್ಗಿದರೂ ಸುಮ್ನೆ ಬಿಟ್ಟುಬಿಡುತ್ತವೆ. ಮೂವ್ ಕಾಂಪೊನೆಂಟ್‌ನಲ್ಲಿ ಕೊಲಿಶನ್ ಡಿಟೆಕ್ಷನ್ ಆನ್ ಮಾಡಿ, ತಾಗಿದರೆ ನಿಲ್ಲುವ ಹಾಗೆ ಇಟ್ಟು ಎಳೆದು ನೋಡಿ.

ಈಗ ಜಾಕ್ ಎಷ್ಟು ಟನ್. ಅನಿಮೇಶನ್‌ನಲ್ಲಿ ಬಾಡಿ ಚೆನ್ನಾಗಿ ಎದ್ದಿತು ಅಂದರೆ ಜಾಕ್ ಎತ್ತುತ್ತದೆ ಅಂತ ಅರ್ಥವಲ್ಲ, ಅಲ್ಲಿ ಭಾರವೇ ಇಲ್ಲ. ಬಾಡಿಯೊಳಗೆ ಗೊಬ್ಬರದ ಆಕಾರದ ಒಂದು ಪಾರ್ಟು ಮಾಡಿ, 500 ಕೆಜಿ ಅಂತ ಓವರ್‌ರೈಡ್ ಮಾಡಿ. ಬಾಡಿ ತಿರುಗುವ ಹಿಂಬದಿಯ ಪಿನ್ನಿನ ಮೇಲೆ ಒಂದು ಕೋಆರ್ಡಿನೇಟ್ ಸಿಸ್ಟಮ್ (ಅಳತೆ ಶುರುವಾಗುವ ಬಿಂದು) ಇಡಿ. ಎತ್ತುವ ಪಾರ್ಟುಗಳನ್ನು ಮಾತ್ರ ಸೆಲೆಕ್ಟ್ ಮಾಡಿ, ಚಾಸಿ ಮತ್ತು ಚಕ್ರ ಬೇಡ. ಮಾಸ್ ಪ್ರಾಪರ್ಟೀಸ್ ಲೆಕ್ಕವನ್ನು ಆ ಸಿಸ್ಟಮ್‌ನಿಂದ ಕೇಳಿ. ಗುರುತ್ವ ಕೇಂದ್ರ ಪಿನ್ನಿನಿಂದ ಅಡ್ಡಕ್ಕೆ ಎಷ್ಟು ದೂರ ಅಂತ ನೇರವಾಗಿ ಸಿಗುತ್ತದೆ.

ಪಿನ್ನು ಬಾಡಿಯ ಹಿಂತುದಿಯಿಂದ 10 ಸೆಂಟಿಮೀಟರ್ ಒಳಗಿದ್ದರೆ, ಭಾರ ಸಮನಾಗಿ ಹರಡಿದ್ದರೆ, ಆ ದೂರ 0.8 ಮೀಟರ್. ಒಟ್ಟು 607 ಕೆಜಿ. ಇನ್ನು ಪಿನ್ನಿನಿಂದ ಜಾಕ್‌ನ ನಡುಗೆರೆಗೆ ಎಳೆದ ಲಂಬದ ಉದ್ದ ಬೇಕು. ಅದು 25 ಸೆಂಟಿಮೀಟರ್ ಆದರೆ ಜಾಕ್ ಮೇಲೆ 607 × 0.8 ÷ 0.25, ಅಂದರೆ 1940 ಕೆಜಿಯಷ್ಟು ಬಲ ಬೀಳುತ್ತದೆ. 15 ಸೆಂಟಿಮೀಟರ್ ಆದರೆ 3240! ಬಾಗಿಲನ್ನು ಹಿಂಜಿನ ಪಕ್ಕ ತಳ್ಳಿ ನೋಡಿ, ಇದೇ ಕಥೆ. ಜಾಕ್ ಬಹಳ ಮಲಗಿಕೊಂಡಿದ್ದರೆ ಆ ಉದ್ದ ಕಡಿಮೆಯಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಎತ್ತಲು ಶುರು ಮಾಡುವ ಕ್ಷಣವೇ ಅತಿ ಕಷ್ಟದ್ದು. ಮೇಲೆದ್ದ ಹಾಗೆ ಅಡ್ಡ ದೂರ ಕುಗ್ಗುತ್ತದೆ, ಗೊಬ್ಬರವೂ ಜಾರುತ್ತದೆ.

ಹಾಗಾಗಿ 2 ಟನ್ ಜಾಕ್ ನನ್ನ ಪ್ರಕಾರ ಬೇಡ. ಹಸಿ ಗೊಬ್ಬರ ಒಂದೇ ಕಡೆ ಗುಡ್ಡೆಯಾದರೆ, ಪಿನ್ನು ತುಕ್ಕು ಹಿಡಿದಿದ್ದರೆ ಲೆಕ್ಕ ಜಾಸ್ತಿಯಾಗುತ್ತದೆ. ಜಾಕ್ ಬದಲಿಸುವ ಮುಂಚೆ ಜಾಕ್‌ನ ಕೆಳಗಿನ ಪಿನ್ನನ್ನು ಇನ್ನೊಂದಿಷ್ಟು ಕೆಳಕ್ಕೆ ಇಳಿಸಿ ನೋಡಿ, ಆ ಲಂಬದ ಉದ್ದ ಹೆಚ್ಚಿ ಪುಕ್ಕಟೆ ಬಲ ಸಿಗುತ್ತದೆ. ಟಿಲ್ಲರ್ ಟ್ರಾಲಿಗೆ ನೆಲದ ಅಂತರ ಕಡಿಮೆ ಇರುವುದರಿಂದ ಎಷ್ಟು ಇಳಿಸಬಹುದು ಅನ್ನುವುದೇ ಪ್ರಶ್ನೆ.

ಜಾಕ್ ಮುಚ್ಚಿದಾಗಿನ ಉದ್ದ, ಸ್ಟ್ರೋಕ್, ಎರಡೂ ಪಿನ್ನಿನ ಜಾಗ ಇಲ್ಲಿ ಹಾಕಿ. ಬಾಡಿ ಎಷ್ಟು ಡಿಗ್ರಿ ಏಳುತ್ತದೆ ಅಂತ ನೋಡೋಣ.